ಪೋಲೆಂಡಿನಲ್ಲಿ ‘ಯೂ’ ಯಾರು?

ಪೋಲೆಂಡಿನ ನಿರ್ದೇಶಕ ಕ್ರಿಸ್ಟಾಫ್ ಕೀಸ್ಲೋವ್‌ಸ್ಕಿಯ 1988ರ ಚಿತ್ರ ‘ಎ ಶಾರ್ಟ್ ಫಿಲ್ಮ್ ಅಬೌಟ್ ಲವ್’ ಅನ್ನು ನಮ್ಮ ಫಿಲ್ಮ್ ಸೊಸೈಟಿಗಳಲ್ಲಿ ನೋಡಿದವರು ಇರಬಹುದು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಹತ್ತೊಂಬತ್ತರ ಹುಡುಗ ತೋಮೆಕ್, ಎದುರು ಕಟ್ಟಡದ ಮಾಗ್ದಾಳನ್ನು ರಾತ್ರಿ ಹೊತ್ತು ದೂರದರ್ಶಕ ಹಿಡಿದು ಕದ್ದು ನೋಡುತ್ತಿರುತ್ತಾನೆ. ವಯಸ್ಸಿನಲ್ಲಿ ಅವಳು ಅವನಿಗಿಂತ ಎಷ್ಟೋ ದೊಡ್ಡವಳು. ಒಂದು ದಿನ ವಿಷಯ ಗೊತ್ತಾಗಿ, ಯಾಕೆ ಹೀಗೆ ಮಾಡುತ್ತೀಯ ಎಂದು ಅವನನ್ನೇ ಕೇಳುತ್ತಾಳೆ. ಹುಡುಗ ಉತ್ತರ ಕೊಡುತ್ತಾನೆ. ಸಬ್‌ಟೈಟಲ್‌ನಲ್ಲಿ ಕಾಣುವುದು ಲೋಕವೆಲ್ಲ ಬಳಸಿ ಸವೆಸಿದ ಅದೇ ಮೂರು ಪದ: ಐ ಲವ್ ಯೂ.

ಅವನು ಪೋಲಿಷ್‌ನಲ್ಲಿ ಹೇಳಿದ್ದು ಬೇರೆ. ‘ಯೂ’ ಎಂದು ಸಬ್‌ಟೈಟಲ್ ತೋರಿಸುವ ಕಡೆ ಅವನ ಬಾಯಲ್ಲಿದ್ದದ್ದು ‘ಪಾನಿ’ ಎಂಬ ಪದದ ದ್ವಿತೀಯಾ ವಿಭಕ್ತಿ. ಪಾನಿ ಎಂದರೆ ಅಮ್ಮಾವ್ರು, ಯಜಮಾನಿ, ಮೇಡಂ. ಕೌಂಟರಿನಾಚೆ ಮನಿ ಆರ್ಡರ್ ಕೇಳಲು ಬಂದ ಹೆಂಗಸನ್ನು ಗುಮಾಸ್ತ ಯಾವ ಪದದಿಂದ ಮಾತಾಡಿಸಬೇಕೋ ಆ ಪದದಲ್ಲೇ ಅವನ ಪ್ರೇಮನಿವೇದನೆಯೂ ಮುಗಿಯುತ್ತದೆ. ಅವಳು ಮಾತ್ರ ಅವನನ್ನು ಏಕವಚನದಲ್ಲೇ ವಿಚಾರಿಸಿಕೊಳ್ಳುತ್ತಾಳೆ. ಇಬ್ಬರ ವಯಸ್ಸಿನ ಅಂತರ, ಅವನ ಅಂಜಿಕೆ, ಅವಳ ಧೈರ್ಯ ಎಲ್ಲವೂ ಆ ಎರಡು ಸಂಬೋಧನೆಗಳಲ್ಲಿ ಇದೆ. ಇಂಗ್ಲಿಷ್ ಓದಿಕೊಂಡು ಚಿತ್ರ ನೋಡಿದವರಿಗೆ ಇದರ ಸುಳಿವು ಸಿಗುವುದಿಲ್ಲ.

ಪೋಲಿಷ್‌ನಿಂದ ಇಂಗ್ಲಿಷಿಗೆ ಬರುವಾಗ ಇಂಥದ್ದು ಕಳೆದುಹೋಗುತ್ತದೆ, ಅಷ್ಟೇ. ಕಳೆದುಕೊಳ್ಳುವುದು ಸುಲಭದ ಕೆಲಸ. ತಲೆನೋವು ಇರುವುದು ಎದುರು ದಿಕ್ಕಿನಲ್ಲಿ. ಇಂಗ್ಲಿಷಿನ ‘ಯೂ’ ಎಂಬ ಪುಟ್ಟ ಪದವನ್ನು ಪೋಲಿಷ್‌ಗೆ ತರಲು ಹೊರಟ ಅನುವಾದಕ, ಮೂಲದಲ್ಲಿ ಬರೆದೇ ಇರದ ಸಂಗತಿಗಳನ್ನು ಮೊದಲು ತೀರ್ಮಾನ ಮಾಡಬೇಕು. ಮಾತಾಡುತ್ತಿರುವವರು ಯಾರು, ಕೇಳಿಸಿಕೊಳ್ಳುತ್ತಿರುವವರು ಗಂಡೋ ಹೆಣ್ಣೋ, ಒಬ್ಬರೋ ಹಲವರೋ, ಇಬ್ಬರಿಗೆ ಪರಿಚಯ ಎಷ್ಟು ಹಳೆಯದು, ಈ ಮೂವತ್ತನೇ ಪುಟದಲ್ಲಿ ಸಲಿಗೆ ಹುಟ್ಟಿದೆಯೋ ಇಲ್ಲವೋ. ಲೇಖಕನಿಗೇ ಹೊಳೆದಿರದ ಪ್ರಶ್ನೆಗಳಿಗೆ ಅನುವಾದಕ ಉತ್ತರ ಕೊಟ್ಟ ಮೇಲೆಯೇ ಒಂದು ವಾಕ್ಯ ಮುಂದಕ್ಕೆ ಹೋಗುವುದು.

ಕನ್ನಡದವರಿಗೆ ಇದರಲ್ಲಿ ಅರ್ಧ ಭಾಗ ಹೊಸತೇನಲ್ಲ. ನಮಗೂ ‘ನೀನು’, ‘ನೀವು’ ಇವೆ. ತೀರಾ ಗೌರವಕ್ಕೆ ‘ತಾವು’ ಇದೆ. ಜಗಳ ಹತ್ತಿದಾಗ ಒಬ್ಬ ಏಕವಚನಕ್ಕಿಳಿದ ಎಂಬುದೇ ಒಂದು ಸುದ್ದಿಯಾಗುತ್ತದೆ. ಇಂಗ್ಲಿಷಿನಲ್ಲೂ ಹಿಂದೊಮ್ಮೆ ‘ದೌ’ ಎಂಬ ಏಕವಚನ ಇತ್ತು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ತಾಯಿಯ ಕೋಣೆಗೆ ಮಗ ಬಂದಾಗ, ತಾಯಿ ಅವನನ್ನು ‘ದೌ’ ಎಂದು ಗದರಿಸಿದರೆ ಮಗ ತಣ್ಣನೆಯ ‘ಯೂ’ ಹಾಕಿ ತಿರುಗಿ ಚುಚ್ಚುತ್ತಾನೆ. ಆಮೇಲೆ ಇಂಗ್ಲಿಷರು ಎಲ್ಲರಿಗೂ ಬಹುವಚನವೇ ಸಾಕು ಎಂದು ‘ದೌ’ವನ್ನು ಬಿಟ್ಟರು. ಕ್ವೇಕರ್ ಪಂಥದವರಂಥ ಕೆಲವರು ಮಾತ್ರ ಹಠ ಹಿಡಿದು ಅದನ್ನು ಉಳಿಸಿಕೊಂಡರು.

ಪೋಲಿಷ್ ನಮ್ಮಂತೆ ಸರ್ವನಾಮಗಳಿಗಷ್ಟೇ ನಿಲ್ಲಲಿಲ್ಲ. ಅಲ್ಲಿ ‘ತಿ’ ಎಂದರೆ ನೀನು, ‘ವಿ’ ಎಂದರೆ ನೀವು. ಆದರೆ ಗೌರವಕ್ಕೆ ಈ ‘ವಿ’ ಕೆಲಸಕ್ಕೆ ಬರುವುದಿಲ್ಲ. ಅಪರಿಚಿತ ಗಂಡಸಿಗೆ ‘ಪಾನ್’, ಹೆಂಗಸಿಗೆ ‘ಪಾನಿ’, ಗಂಡು ಹೆಣ್ಣು ಸೇರಿದ ಗುಂಪಿಗೆ ‘ಪಾನ್‌ಸ್ತ್ವೊ’. ಇವು ಸರ್ವನಾಮಗಳಂತೆ ದುಡಿಯುವ ನಾಮಪದಗಳು. ಕ್ರಿಯಾಪದ ಪ್ರಥಮ ಪುರುಷದಲ್ಲಿ ಬರಬೇಕು. ರೈಲ್ವೆ ನಿಲ್ದಾಣದಲ್ಲಿ ಒಬ್ಬರನ್ನು ನಿಲ್ಲಿಸಿ ‘ನೀವು ಇಂಗ್ಲಿಷ್ ಮಾತಾಡುತ್ತೀರಾ?’ ಎಂದು ಕೇಳಬೇಕಾದರೆ ‘ಚಿ ಪಾನ್ ಮೂವಿ ಪೊ ಆಂಗ್ಯೆಲ್‌ಸ್ಕು?’ ಎನ್ನಬೇಕು. ಪದಕ್ಕೆ ಪದ ಇಟ್ಟರೆ, ‘ಯಜಮಾನ ಇಂಗ್ಲಿಷ್ ಮಾತಾಡುತ್ತಾನೆಯೇ?’ ಎಂದಾಗುತ್ತದೆ. ಎದುರಿಗೇ ನಿಂತವನನ್ನು ಅಲ್ಲಿ ಇಲ್ಲದವನಂತೆ, ಅದೂ ಏಕವಚನದ ಕ್ರಿಯಾಪದದಲ್ಲಿ! ನಮ್ಮ ಕಿವಿಗೆ ಇದು ಅವಮಾನ. ಅವರಿಗೆ ಇದೇ ಮರ್ಯಾದೆ.

ಹಾಗೆಂದು ತೀರಾ ಪರಕೀಯವೂ ಅಲ್ಲ. ಮಠದಲ್ಲಿ ‘ಬುದ್ಧಿಯವರು ಯಾವಾಗ ದಯಮಾಡಿಸಿದರು?’ ಎಂದು ಬುದ್ಧಿಯವರನ್ನೇ ಕೇಳುವ ರೂಢಿ ನಮ್ಮಲ್ಲಿದೆ. ಸಂಸ್ಕೃತದ ‘ಭವಾನ್’ ಇನ್ನೂ ಹತ್ತಿರದ ನೆಂಟ: ಅರ್ಥದಲ್ಲಿ ‘ತಾವು’, ವ್ಯಾಕರಣದಲ್ಲಿ ‘ಅವನು’. ಶಾಲೆಯಲ್ಲಿ ‘ತ್ವಂ ಗಚ್ಛಸಿ, ಭವಾನ್ ಗಚ್ಛತಿ’ ಎಂದು ಉರು ಹೊಡೆದವರಿಗೆ ಪೋಲಿಷ್‌ನ ಅರ್ಧ ಶಿಷ್ಟಾಚಾರ ಆಗಲೇ ಬಂದಂತೆ.

‘ಪಾನ್’ ಮೂಲತಃ ಧಣಿ, ಒಡೆಯ. ಹಳೆಯ ಪೋಲೆಂಡ್–ಲಿಥುವೇನಿಯಾ ರಾಜ್ಯದಲ್ಲಿ ‘ಶ್ಲಾಹ್ತಾ’ ಎಂಬ ಕುಲೀನ ವರ್ಗವಿತ್ತು. ಯುರೋಪಿನ ಬೇರೆ ದೇಶಗಳಿಗೆ ಹೋಲಿಸಿದರೆ ಅದರ ಸಂಖ್ಯೆ ಬಹಳ ದೊಡ್ಡದು. ಜನಸಂಖ್ಯೆಯ ನೂರಕ್ಕೆ ಹತ್ತರ ಹತ್ತಿರ ಎಂಬುದು ಸಾಮಾನ್ಯ ಲೆಕ್ಕ. ಅವರಲ್ಲಿ ಎಷ್ಟೋ ಮಂದಿಗೆ ಜಮೀನು ಕೂಡ ಇರಲಿಲ್ಲ. ಸೊಂಟಕ್ಕೆ ಖಡ್ಗ, ಹೆಸರಿನ ಹಿಂದೆ ‘ಪಾನ್’, ಇಷ್ಟೇ ಆಸ್ತಿ. ತಮ್ಮಲ್ಲಿ ಎಲ್ಲರೂ ಸಮಾನರು ಎಂದು ಸಾರಿಕೊಳ್ಳುತ್ತಿದ್ದ ಈ ಜನ, ಆ ಸಮಾನತೆಯನ್ನು ತೋರಿಸಲು ಒಬ್ಬರಿಗೊಬ್ಬರು ಧಣಿ, ಧಣಿ ಎನ್ನುತ್ತಿದ್ದರು. ಅದಕ್ಕೂ ಮೇಲಿನದೊಂದಿತ್ತು: ‘ವಾಶಾ ಮಿವೊಶ್ಚ್’, ಅಂದರೆ ‘ತಮ್ಮ ಕೃಪೆ’. ದಿನಕ್ಕೆ ನೂರು ಸಲ ಹೇಳಿ ಹೇಳಿ ಅದು ‘ವಾಶ್‌ಮೊಶ್ಚ್’ ಆಯಿತು, ಕೊನೆಗೆ ‘ವಾಶ್ಚ್’ ಎಂದು ಕುಗ್ಗಿತು. ಸ್ಪ್ಯಾನಿಷ್‌ನ ‘ಉಸ್ತೆದ್’ ಹುಟ್ಟಿದ್ದೂ ಇದೇ ರೀತಿ. ಇಂದು ‘ವಾಶ್ಚ್’ ಉಳಿದಿರುವುದು ಐತಿಹಾಸಿಕ ಕಾದಂಬರಿಗಳಲ್ಲಿ, ಸಿನಿಮಾದ ಕತ್ತಿವರಸೆಗಳಲ್ಲಿ. ಮೀಸೆ ತಿರುವುವ ಪಾತ್ರ ಬಂದರೆ ಅನುವಾದಕರಿಗೆ ‘ಯೂ’ಗೆ ಕೊಡಲು ಒಂದು ಹಳೆಯ ಒಡವೆ ಸಿಕ್ಕಿತು ಎಂದೇ ಲೆಕ್ಕ.

ಆಗ ಹೊಲದಲ್ಲಿ ಬೆವರು ಸುರಿಸುತ್ತಿದ್ದ ರೈತ ಪಾನ್ ಆಗಿರಲಿಲ್ಲ. ಅವನು ಇನ್ನೊಬ್ಬರನ್ನು ಪಾನ್ ಎನ್ನಬೇಕಾದವನು. ರಷ್ಯಾದ ಆಳ್ವಿಕೆಯಲ್ಲಿದ್ದ ಪೋಲಿಷ್ ಪ್ರಾಂತ್ಯದಲ್ಲಿ ರೈತರಿಗೆ ಭೂಮಿಯ ಹಕ್ಕು ಬಂದದ್ದು 1864ರಲ್ಲಿ. ಇಪ್ಪತ್ತನೇ ಶತಮಾನ ಬಂದಂತೆ ಪಾನ್ ಎಂಬ ಬಿರುದು ನಗರದ ಬೀದಿಗಿಳಿಯಿತು; ಇವತ್ತು ಟ್ರಾಮ್ ಚಾಲಕನೂ ಪಾನ್, ಕೊಳಾಯಿ ರಿಪೇರಿಯವನೂ ಪಾನ್. ದೇವರಿಗೂ ಅದೇ ಪದ, ‘ಪಾನ್ ಬೂಗ್’. ವಿಚಿತ್ರವೆಂದರೆ ಪ್ರಾರ್ಥನೆಯಲ್ಲಿ ದೇವರನ್ನು ಮಾತಾಡಿಸುವುದು ‘ತಿ’ ಎಂದು, ಏಕವಚನದಲ್ಲೇ. ಅದರಲ್ಲಿ ನಾವೂ ಅವರೂ ಒಂದೇ.

‘ಪಾನ್‌ಸ್ತ್ವೊ’ ಎಂಬ ಪದಕ್ಕೆ ಇನ್ನೊಂದು ಅರ್ಥವಿದೆ: ರಾಜ್ಯ, ಪ್ರಭುತ್ವ, ಸರ್ಕಾರವಿರುವ ದೇಶ. ಒಡೆಯನಿಂದ ಒಡೆತನ ಬಂದಂತೆ ಪಾನ್‌ನಿಂದ ಪಾನ್‌ಸ್ತ್ವೊ. 1795ರಿಂದ 1918ರವರೆಗೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಹಂಚಿಕೊಂಡಿದ್ದರಿಂದ ಪೋಲೆಂಡ್ ಎಂಬ ಪಾನ್‌ಸ್ತ್ವೊ ಭೂಪಟದಲ್ಲೇ ಇರಲಿಲ್ಲ. ಆದರೂ ಊಟದ ಮೇಜಿನ ಸುತ್ತ ಕೂತವರನ್ನು ಪಾನ್‌ಸ್ತ್ವೊ ಎಂದು ಕರೆಯುವುದು ನಿಂತಿರಲಿಲ್ಲ.

ಇನ್ನು ‘ವಿ’. ಫ್ರೆಂಚರು, ರಷ್ಯನ್ನರು, ನಾವು, ಎಲ್ಲರೂ ಬಹುವಚನವನ್ನೇ ಗೌರವಕ್ಕೆ ಬಳಸುವಾಗ ಪೋಲಿಷ್‌ನಲ್ಲಿ ಅದಕ್ಕೇನಾಯಿತು? ಹಳ್ಳಿಗಳಲ್ಲಿ ಅದು ಇತ್ತು, ಕೆಲವು ಕಡೆ ಈಗಲೂ ಇದೆ. ಅಪ್ಪ ಅಮ್ಮನಿಗೆ, ಊರ ಹಿರಿಯರಿಗೆ ಬಹುವಚನ ಕೊಟ್ಟು ಮಾತಾಡುವುದನ್ನು ‘ದ್ವೊಯೆನ್ಯೆ’, ಅಂದರೆ ಇಮ್ಮಡಿಸುವುದು ಎನ್ನುತ್ತಾರೆ. ಆದರೆ ಎರಡನೇ ಮಹಾಯುದ್ಧದ ನಂತರ ಕಮ್ಯುನಿಸ್ಟ್ ಸರ್ಕಾರ ಬಂದಾಗ ಆ ಪದದ ಮೇಲೆ ಬೇರೆ ಬಣ್ಣ ಬಿತ್ತು. ಧಣಿಗಳನ್ನು ಓಡಿಸಿದ ಮೇಲೆ ‘ಧಣಿ’ ಎಂಬ ಮಾತು ಏಕೆ? ಪಕ್ಷದ ಸಭೆಗಳಲ್ಲಿ ‘ತೊವಾಝಿಶು’ ಎಂದರೆ ಕಾಮ್ರೇಡ್, ಅದರ ಜೊತೆಗೆ ರಷ್ಯನ್ ಮಾದರಿಯ ‘ವಿ’. ರಸ್ತೆಯಲ್ಲಿ ಪೊಲೀಸಿನವನು ಹಿಡಿದರೆ ‘ಒಬಿವಾತೆಲು’, ನಾಗರಿಕನೇ, ಎನ್ನುತ್ತಿದ್ದ. ಆ ಪೊಲೀಸ್ ಪಡೆಯ ಹೆಸರೇ ನಾಗರಿಕ ಮಿಲಿಷಿಯಾ. ಜನ ಇದನ್ನು ಒಪ್ಪಲಿಲ್ಲ. ಮೇಲಿನಿಂದ ಹೇರಿದ ಸಮಾನತೆಯ ‘ವಿ’ಗಿಂತ ಧಣಿಗಳ ಕಾಲದ ಪಾನ್–ಪಾನಿಯೇ ಸಭ್ಯ ಎನಿಸಿತು. 1989ರಲ್ಲಿ ವ್ಯವಸ್ಥೆ ಬಿದ್ದಾಗ ಆ ಸಂಬೋಧನೆಯೂ ಅದರ ಜೊತೆ ಹೋಯಿತು. ಈಗ ಅನುವಾದಕ ಒಬ್ಬನೇ ವ್ಯಕ್ತಿಗೆ ‘ವಿ’ ಹಾಕಿದರೆ ಓದುಗರಿಗೆ ಕಾಣುವುದು ಒಂದೋ ಹಳ್ಳಿಯ ಅಜ್ಜಿ, ಇಲ್ಲ ಪಕ್ಷದ ಕಾರ್ಯದರ್ಶಿ.

ಅದೇ ‘ವಿ’ ಅಡಗಿರುವ ಒಂದು ಪದ ಪೋಲೆಂಡಿನ ರಾಜಕೀಯ ನೆನಪಿನಲ್ಲಿ ಅಚ್ಚೊತ್ತಿದೆ. 1970ರ ಡಿಸೆಂಬರಿನಲ್ಲಿ ಬಾಲ್ಟಿಕ್ ತೀರದ ಹಡಗುಕಟ್ಟೆ ಕಾರ್ಮಿಕರ ಮೇಲೆ ಗುಂಡು ಹಾರಿ, ಪಕ್ಷದ ನಾಯಕತ್ವ ಎಡ್ವರ್ಡ್ ಗಿಯೆರೆಕ್ ಕೈಗೆ ಬಂತು. ಮರುತಿಂಗಳು ಗ್ದಾನ್ಸ್ಕ್‌ನಲ್ಲಿ ಕಾರ್ಮಿಕರನ್ನು ಎದುರಿಗೆ ಕೂರಿಸಿಕೊಂಡು ಆತ ಕೇಳಿದ: ‘ಪೊಮೊಝೆಚ್ಯೆ?’ ನೆರವಾಗುತ್ತೀರಾ? ಇಂಗ್ಲಿಷಿನಲ್ಲಿ ‘ವಿಲ್ ಯೂ ಹೆಲ್ಪ್’ ಎಂಬ ಮೂರು ಪದ ಬೇಕು. ಪೋಲಿಷ್‌ನಲ್ಲಿ ಒಂದೇ, ‘ನೀವು’ ಕ್ರಿಯಾಪದದ ಬಾಲದಲ್ಲಿ ಸೇರಿಹೋಗಿದೆ, ನಮ್ಮ ‘ಆಗುತ್ತೀರಾ’ದಲ್ಲಿ ಸೇರಿದ ಹಾಗೆಯೇ. ಆ ಪದ ಮುಂದೆ ಗಾದೆಯಂತೆ ಬಳಕೆಯಾಯಿತು, ನಂತರ ಹಾಸ್ಯಕ್ಕೂ ಒದಗಿತು.

ಇಷ್ಟು ಸಾಮಗ್ರಿಯನ್ನು ಮುಂದಿಟ್ಟುಕೊಂಡು ಒಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿಯನ್ನು ಅನುವಾದಿಸಲು ಕೂತವರ ಕಷ್ಟ ನೋಡಿ. ಇನ್‌ಸ್ಪೆಕ್ಟರು ಸಂಶಯಿತನನ್ನು ವಿಚಾರಿಸುತ್ತಾನೆ, ‘ಮಿಸ್ಟರ್ ಸ್ಮಿತ್, ವೇರ್ ವರ್ ಯೂ?’ ಇಂಗ್ಲಿಷಿನಲ್ಲಿ ‘ಮಿಸ್ಟರ್ ಸ್ಮಿತ್’ ಎನ್ನುವುದು ಸೌಜನ್ಯ. ಪೋಲಿಷ್‌ನಲ್ಲಿ ಎದುರಿಗಿರುವವನನ್ನು ಪಾನ್ ಜೊತೆ ಮನೆತನದ ಹೆಸರು ಸೇರಿಸಿ ಕರೆದರೆ ಅದು ಗದರಿಕೆ, ಮೇಲಿನವನು ಕೆಳಗಿನವನಿಗೆ ಹಾಕುವ ಧ್ವನಿ. ಸ್ಮಿತ್ ಎಂಬ ಹೆಸರನ್ನೇ ಕೈಬಿಟ್ಟು ಬರಿ ಪಾನ್ ಉಳಿಸಬೇಕು. ಸಲುಗೆಯಿದ್ದರೆ ಪಾನ್ ಜೊತೆ ಮೊದಲ ಹೆಸರು ಬರಬಹುದು, ನಾವು ‘ರಮೇಶಣ್ಣಾ’ ಎಂದಂತೆ ಅರ್ಧ ಹತ್ತಿರ, ಅರ್ಧ ದೂರ. ಡಾಕ್ಟರು, ಪ್ರೊಫೆಸರುಗಳಿಗೆ ಪದವಿಯೇ ಹೆಸರು: ‘ಪಾನ್ಯೆ ದೊಕ್ತೊಝೆ’. ಪೋಲಿಷ್‌ನ ಏಳು ವಿಭಕ್ತಿಗಳಲ್ಲಿ ಕೊನೆಯದು ಸಂಬೋಧನೆ. ಕರೆಯುವಾಗ ಪಾನ್ ‘ಪಾನ್ಯೆ’ ಆಗುತ್ತದೆ, ದೊಕ್ತೊರ್ ‘ದೊಕ್ತೊಝೆ’ ಆಗುತ್ತದೆ. ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡುವಾಕೆ ಕೂಡ ‘ಪಾನಿ ಮಾಗಿಸ್ಟರ್’, ಆಕೆಯ ಸ್ನಾತಕೋತ್ತರ ಪದವಿಗೆ ಸಲ್ಲುವ ಗೌರವ. ಚಿಕ್ಕ ಮಕ್ಕಳಿಗೆ ‘ನಮ್ಮ ಪಾನಿ’ ಎಂದರೆ ನಮ್ಮ ಟೀಚರ್, ನಮ್ಮ ಮಕ್ಕಳ ‘ಮಿಸ್ಸು’.

ವಿಚಾರಣೆ ಬಿಗಿಯಾಗುತ್ತದೆ. ಇನ್‌ಸ್ಪೆಕ್ಟರಿಗೆ ಸಿಟ್ಟು ಬರುತ್ತದೆ. ಇಂಗ್ಲಿಷಿನಲ್ಲಿ ಸಿಟ್ಟು ಕಾಣಬೇಕಾದರೆ ಬೈಗುಳ ಬೇಕು, ಮೇಜು ಗುದ್ದಬೇಕು. ಪೋಲಿಷ್‌ಗೆ ‘ಪಾನ್’ ಇದ್ದದ್ದು ‘ತಿ’ ಆದರೆ ಸಾಕು, ಕೋಣೆಯ ಹವೆ ಬದಲಾಯಿತು. ನಮ್ಮ ಠಾಣೆಗಳ ಬಗ್ಗೆ ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಮಟ್ಟಿಗೆ ಅನುವಾದ ಮೂಲಕ್ಕಿಂತ ಒಂದು ಕೈ ಮೇಲಾಗುವುದು ಇಂಥ ಜಾಗದಲ್ಲಿ. ಮಧ್ಯದ ಒಂದು ದಾರಿಯೂ ಇದೆ. ಹಳೆಯ ವಾರ್ಸಾದ ಮಾರುಕಟ್ಟೆಯ ಮಾತಿನಲ್ಲಿ ‘ಪಾನ್’ ಎಂದು ಕರೆದು ಕ್ರಿಯಾಪದವನ್ನು ಮಾತ್ರ ‘ತಿ’ಯದ್ದು ಹಾಕುತ್ತಾರೆ: ‘ದಾಯ್ ಪಾನ್ ಸ್ಪೊಕುಯ್’, ಬಿಡು ಸ್ವಾಮಿ. ಕರೆಯುವುದು ಎತ್ತರದಲ್ಲಿ, ಕೈ ಹಾಕುವುದು ಹೆಗಲ ಮೇಲೆ. ಬೆಂಗಳೂರಿನ ‘ಬಾ ಗುರು’ ಕೂಡ ಇದೇ ಜಾಯಮಾನದ್ದು. ನ್ಯೂಯಾರ್ಕಿನ ಟ್ಯಾಕ್ಸಿಯವನ ‘ಯೂ’ಗೆ ಇದಕ್ಕಿಂತ ಒಪ್ಪುವ ಪೋಲಿಷ್ ಇಲ್ಲ.

ಪ್ರೇಮಕತೆಗಳಲ್ಲಿ ಬೇರೆ ಫಜೀತಿ. ಅಮೆರಿಕನ್ನರು ಪರಿಚಯವಾದ ಮೊದಲ ನಿಮಿಷದಲ್ಲೇ ‘ಕಾಲ್ ಮೀ ಬಾಬ್’ ಎನ್ನುತ್ತಾರೆ. ಅದನ್ನು ಹಾಗೇ ಪೋಲಿಷ್‌ಗೆ ತಂದರೆ ‘ಹೆಸರು ಹಿಡಿದು ಕರೆಯೋಣ’ ಎಂದಾಗುತ್ತದೆ. ಅದು ‘ಇನ್ನು ಮೇಲೆ ನಾವು ತಿ’ ಎಂಬ ವಿಧ್ಯುಕ್ತ ಪ್ರಸ್ತಾಪ. ಅದಕ್ಕೆ ಕ್ರಮವಿದೆ: ಮುಂದಿಡಬೇಕಾದವರು ಹಿರಿಯರು, ಇಲ್ಲವೇ ಹೆಂಗಸು, ಇಲ್ಲವೇ ಹುದ್ದೆಯಲ್ಲಿ ದೊಡ್ಡವರು. ಜರ್ಮನ್‌ನಿಂದ ಬಂದ ‘ಬ್ರುದರ್‌ಶಾಫ್ಟ್’ ಎಂಬ ಆಚರಣೆ ಇದೆ; ಇಬ್ಬರೂ ಗ್ಲಾಸು ಹಿಡಿದ ಕೈಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕುಡಿದು, ಕೆನ್ನೆಗೆ ಮುತ್ತಿಟ್ಟು, ತಮ್ಮ ತಮ್ಮ ಹೆಸರು ಹೇಳುತ್ತಾರೆ. ಅಲ್ಲಿಂದ ಹಿಂದಕ್ಕೆ ಹೋಗುವಂತಿಲ್ಲ. ಹಾಗಾಗಿ ಕಾದಂಬರಿಯ ಜೋಡಿಯನ್ನು ಪಾನ್–ಪಾನಿಯಿಂದ ತಿ–ತಿಗೆ ಯಾವ ಪುಟದಲ್ಲಿ ದಾಟಿಸಬೇಕು ಎಂಬುದು ಅನುವಾದಕರ ಹೊಣೆ. ಸಾಮಾನ್ಯವಾಗಿ ಮೊದಲ ಮುತ್ತಿನ ಆಸುಪಾಸಿನಲ್ಲಿ ದಾಟಿಸುತ್ತಾರೆ. ಮುತ್ತಾದ ಮೇಲೂ ‘ಪಾನಿಯವರಿಗೆ ಕಾಫಿ ಬೇಕೇ?’ ಎಂದರೆ ಓದುಗರು ನಗುತ್ತಾರೆ. ಆ ನಗುವಿಗಾಗಿಯೇ ಬರೆದದ್ದೂ ಇದೆ. ಪೋಲಿಷ್ ರೇಡಿಯೋದ ಮೂರನೇ ವಾಹಿನಿಯಲ್ಲಿ 1970ರ ದಶಕದಲ್ಲಿ ಬರತೊಡಗಿದ ಯಾತ್ಸೆಕ್ ಯಾಂಚಾರ್‌ಸ್ಕಿಯ ಹಾಸ್ಯ ಸರಣಿಯ ಹೆಸರೇ ‘ಪಾನ್ ಸುವೆಕ್ ಅವರೇ, ತಮ್ಮನ್ನು ಪ್ರೀತಿಸುತ್ತೇನೆ’ ಎಂಬರ್ಥದ್ದು. ನಾಜೂಕಿನ ಎಲಿಜಾ ಒರಟು ಸುವೆಕ್‌ಗೆ ಸರಣಿಯುದ್ದಕ್ಕೂ ಒಲವು ತೋಡಿಕೊಳ್ಳುತ್ತಾಳೆ, ಒಮ್ಮೆಯೂ ‘ಪಾನ್’ ಬಿಡದೆ.

ಮರ್ಯಾದೆಯ ಗಂಟು ಬಿಡಿಸಿದರೆ ಹಿಂದೆಯೇ ಲಿಂಗದ ಗಂಟು. ಕನ್ನಡದಲ್ಲಿ ‘ಬಂದೆಯಾ’ ಎಂದರೆ ಅಣ್ಣನಿಗೂ ಆಯಿತು, ಅಕ್ಕನಿಗೂ ಆಯಿತು. ನಮ್ಮಲ್ಲಿ ಗಂಡು ಹೆಣ್ಣಿನ ಭೇದ ‘ಬಂದನು, ಬಂದಳು’ಗಳಲ್ಲಿ ಮಾತ್ರ. ಪೋಲಿಷ್‌ನ ಭೂತಕಾಲ ಹಿಂದಿಯಂತೆ ‘ನೀನು’ವಿನಲ್ಲೂ ಅದನ್ನು ಕೇಳುತ್ತದೆ. ‘ವೇರ್ ವರ್ ಯೂ’ ಗಂಡಿಗಾದರೆ ‘ಗ್ದ್ಜ್ಯೆ ಬಿವೆಶ್’, ಹೆಣ್ಣಿಗಾದರೆ ‘ಗ್ದ್ಜ್ಯೆ ಬಿವಾಶ್’. ಗುಂಪಿಗಾದರೆ ಅದರಲ್ಲಿ ಒಬ್ಬ ಗಂಡಸಿದ್ದರೂ ಒಂದು ರೂಪ, ಬರಿ ಹೆಂಗಸರಾದರೆ ಇನ್ನೊಂದು. ಕತ್ತಲಲ್ಲಿ ನಿಂತ ಅನಾಮಿಕ ಕೊಲೆಗಾರನಿಗೆ ಯಾರೋ ‘ಯೂ ಕೇಮ್’ ಎಂದು ಇಂಗ್ಲಿಷಿನಲ್ಲಿ ಹೇಳಿ, ಆ ಕೊಲೆಗಾರ ಹೆಣ್ಣು ಎಂಬುದು ಕೊನೆಯ ಅಧ್ಯಾಯದಲ್ಲಿ ಗೊತ್ತಾಗಬೇಕಿದ್ದರೆ, ಪೋಲಿಷ್ ಅನುವಾದಕ ಅಲ್ಲಿ ಭೂತಕಾಲವನ್ನೇ ತಪ್ಪಿಸಿ ನಡೆಯಬೇಕು.

ಮಿಲ್ನ್ ಬರೆದ ‘ವಿನಿ ದ ಪೂ’ ಕರಡಿಯ ಪ್ರಸಂಗವಂತೂ ಅಲ್ಲಿ ಹೆಸರುವಾಸಿ. ಕವಿ ಯೂಲಿಯಾನ್ ತುವಿಮ್ ಅವರ ತಂಗಿ ಇರೆನಾ ತುವಿಮ್ 1938ರಲ್ಲಿ ಅದನ್ನು ಗಂಡು ಕರಡಿ ‘ಕುಬುಶ್ ಪುಹಾತೆಕ್’ ಆಗಿ ಪೋಲಿಷ್‌ಗೆ ತಂದರು. ತಲೆಮಾರುಗಳು ಅವನನ್ನು ಮನೆಯ ಹುಡುಗನಂತೆ ಹಚ್ಚಿಕೊಂಡವು. 1986ರಲ್ಲಿ ಮೋನಿಕಾ ಆದಾಂಚಿಕ್ ಗಾರ್ಬೋವ್‌ಸ್ಕಾ ಮೂಲಕ್ಕೆ ಹತ್ತಿರವಾದ ಹೊಸ ಅನುವಾದ ತಂದರು. ಇಂಗ್ಲಿಷಿನಲ್ಲಿ ವಿನಿ ಹುಡುಗಿಯರ ಹೆಸರು, ಪುಸ್ತಕದ ಆರಂಭದಲ್ಲೇ ಅದರ ಬಗ್ಗೆ ತಮಾಷೆಯೂ ಇದೆ ಎಂಬ ನ್ಯಾಯದಿಂದ ಅವರು ಕರಡಿಗೆ ‘ಫ್ರೆಜ್ಯಾ ಫಿ ಫಿ’ ಎಂದು ಹೆಣ್ಣು ಹೆಸರಿಟ್ಟರು. ಹೆಸರು ಹೆಣ್ಣಾದ ಮೇಲೆ ಕರಡಿ ಹೋದದ್ದು, ಬಂದದ್ದು, ಜೇನು ತಿಂದದ್ದು ಎಲ್ಲವೂ ಸ್ತ್ರೀಲಿಂಗ. ಓದುಗರಿಂದ ಬಂದ ಆಕ್ಷೇಪಕ್ಕೆ ಕೊನೆ ಇರಲಿಲ್ಲ. ತರ್ಕ ಅವರ ಕಡೆ ಇತ್ತು ಎಂದೇ ನನಗನ್ನಿಸುತ್ತದೆ. ಆದರೆ ಬಾಲ್ಯದ ಕರಡಿಯ ಮುಂದೆ ತರ್ಕ ಎಷ್ಟು ಹೊತ್ತು ನಿಂತೀತು?

ವೈಜ್ಞಾನಿಕ ಕಾದಂಬರಿಕಾರ ಯಾತ್ಸೆಕ್ ದುಕಾಯ್ ಎದುರು ತುದಿಗೆ ಹೋದರು. ಗಂಡು ಹೆಣ್ಣು ಎಂಬುದನ್ನು ದಾಟಿದ ಜೀವಿಗಳ ಕತೆ ಹೇಳಲು ತಮ್ಮ 2004ರ ಕಾದಂಬರಿಯಲ್ಲಿ ಪೋಲಿಷ್ ಕ್ರಿಯಾಪದಗಳಿಗೆ ‘ಉ’ಕಾರದ ಹೊಸ ಪ್ರತ್ಯಯಗಳನ್ನೇ ಕಟ್ಟಿದರು. ಓದುಗರು ಅವನ್ನು ‘ದುಕಾಯಿಸಂ’ ಎಂದು ಕರೆದರು.

ಈ ಲಿಂಗಪ್ರತ್ಯಯಗಳಿಗೆ ಪೋಲೆಂಡಿನ ಟೀವಿಯಲ್ಲಿ ಒಂದು ಉಪಯೋಗವೂ ಇದೆ. ಅಲ್ಲಿ ವಿದೇಶಿ ಚಿತ್ರಗಳಿಗೆ ಪಾತ್ರಕ್ಕೊಬ್ಬರಂತೆ ಡಬ್ಬಿಂಗ್ ಮಾಡುವುದು ಹೆಚ್ಚಾಗಿ ಮಕ್ಕಳ ಚಿತ್ರಗಳಿಗೆ. ಉಳಿದವಕ್ಕೆ ‘ಲೆಕ್ತೊರ್’ ಇರುತ್ತಾನೆ. ಮೂಲದ ದನಿ ಹಿಂದೆ ಸಣ್ಣಗೆ ಕೇಳುತ್ತಿರುವಾಗ ಒಬ್ಬನೇ ಗಂಡಸು ಎಲ್ಲ ಪಾತ್ರಗಳ ಮಾತನ್ನೂ, ನಾಯಕಿಯ ಅಳುವನ್ನೂ ಖಳನ ಬೆದರಿಕೆಯನ್ನೂ, ಒಂದೇ ಏರಿಳಿತದಲ್ಲಿ ಓದುತ್ತಾ ಹೋಗುತ್ತಾನೆ. 2021ರಲ್ಲಿ ತೀರಿಕೊಂಡ ತೋಮಾಶ್ ಕ್ನಾಪಿಕ್ ಆ ದನಿಗೆ ಮನೆಮಾತಾಗಿದ್ದವರು. ಹೊರಗಿನವರಿಗೆ ಇದು ವಿಚಿತ್ರ. ಆದರೆ ‘ಬಿವೆಶ್’, ‘ಬಿವಾಶ್’ಗಳ ವ್ಯತ್ಯಾಸ ಇರುವುದರಿಂದ ಮಾತು ಯಾರಿಗೆ ಹೋಯಿತು ಎಂಬುದು ಕಣ್ಣು ಮುಚ್ಚಿಕೊಂಡರೂ ಎಷ್ಟೋ ಸಲ ತಿಳಿಯುತ್ತದೆ.

ಇನ್ನು ಯಾರನ್ನೂ ಉದ್ದೇಶಿಸದ ‘ಯೂ’. ‘ಯೂ ನೆವರ್ ನೋ’, ‘ಯೂ ಕಾಂಟ್ ಸ್ಮೋಕ್ ಹಿಯರ್’ ಎನ್ನುವಾಗ ಇಂಗ್ಲಿಷಿನವರ ಎದುರು ಯಾರೂ ಇರಬೇಕಿಲ್ಲ. ಪೋಲಿಷ್ ಇಲ್ಲಿ ಆ ಪದವನ್ನು ಹೊಸ್ತಿಲಾಚೆ ಬಿಟ್ಟು ಬರುತ್ತದೆ. ‘ತಿಳಿಯುವಂತಿಲ್ಲ’, ‘ಇಲ್ಲಿ ಸೇದುವಂತಿಲ್ಲ’, ಅಷ್ಟೇ. ಉದ್ಯಾನದ ಫಲಕಗಳಲ್ಲಿ ‘ಹುಲ್ಲು ತುಳಿಯದಿರುವುದು’ ಎಂಬಂಥ ಕರ್ತೃವಿಲ್ಲದ ಮಾತು. ನಮ್ಮ ‘ಹೂ ಕೀಳಬಾರದು’ ಹಾಗೆಯೇ. ಆರ್ವೆಲ್‌ನ ‘1984’ ಕಾದಂಬರಿಯಲ್ಲಿ ಗೋಡೆಗೋಡೆಯ ಮೇಲಿರುವ ಹಿರಿಯಣ್ಣನ ಭಿತ್ತಿಪತ್ರದ ಘೋಷಣೆ ಇಂಗ್ಲಿಷಿನಲ್ಲಿ ‘ಯೂ’ ಎಂದೇ ಕೊನೆಯಾಗುತ್ತದೆ. ಪೋಲಿಷ್‌ನಲ್ಲಿ ಬಳಕೆಗೆ ಬಂದ ರೂಪದಲ್ಲಿ ಆ ಪದವಿಲ್ಲ. ಅಣ್ಣ ನೋಡುತ್ತಿದ್ದಾನೆ, ಯಾರನ್ನು ಎಂದು ಹೇಳುವುದಿಲ್ಲ. ಹೇಳದೆ ಇರುವುದರಿಂದ ಅದು ಇನ್ನಷ್ಟು ಹೆದರಿಸುತ್ತದೆ.

ನನಗೆ ಹೆಚ್ಚು ಇಷ್ಟವಾಗುವುದು ಈ ಜಾರಿಕೊಳ್ಳುವ ಕಲೆ. ಮದುವೆಮನೆಯಲ್ಲಿ ಒಬ್ಬರು ಸಿಗುತ್ತಾರೆ. ವರಸೆಯಲ್ಲಿ ಚಿಕ್ಕವರು, ವಯಸ್ಸಿನಲ್ಲಿ ದೊಡ್ಡವರು. ‘ನೀನು’ ಎನ್ನಲು ಬಾಯಿ ಬಾರದು, ‘ನೀವು’ ಎಂದರೆ ಅವರೇ ನಕ್ಕಾರು. ಆಗ ಕನ್ನಡಿಗರು ಏನು ಮಾಡುತ್ತಾರೆ? ‘ಊಟ ಆಯ್ತಾ? ಯಾವಾಗ ಬಂದದ್ದು? ಮತ್ತೆ ಎಲ್ಲಿಗೆ ಹೊರಟದ್ದು?’ ಮೂರು ಪ್ರಶ್ನೆ ಕೇಳಿದರೂ ಸರ್ವನಾಮ ಬರಲಿಲ್ಲ, ಮರ್ಯಾದೆಯೂ ಹೋಗಲಿಲ್ಲ. ಪೋಲಿಷರದ್ದೂ ಇದೇ ಜಾಣತನ: ‘ಯುಶ್ ಪೊ ಒಬ್ಯೆಜ್ಯೆ?’, ಪದಶಃ ‘ಆಗಲೇ ಊಟದ ನಂತರವೇ?’ ಹೊಸದಾಗಿ ಮದುವೆಯಾದವರು ಅತ್ತೆಯನ್ನು ‘ತಿ’ ಎನ್ನಲಾರದೆ, ‘ಪಾನಿ’ ಎಂದು ಪರಕೀಯಳಾಗಿಸಲಾರದೆ, ‘ಅಮ್ಮ ಕೂತುಕೊಳ್ಳಲಿ’ ಎಂದು ಅಮ್ಮನಿಗೇ ಹೇಳಿ ಪಾರಾಗುತ್ತಾರೆ.

ಪೋಲೆಂಡಿನವರೊಬ್ಬರು ಈ ತೊಡಕಿನ ಭಾರತೀಯ ಮುಖವನ್ನು ಹತ್ತಿರದಿಂದ ಕಂಡವರು, ಅವರು ಬೆಂಗಳೂರಿನಲ್ಲಿದ್ದವರೂ ಹೌದು. ವಾರ್ಸಾದಲ್ಲಿ ಹುಟ್ಟಿದ ಎಂಜಿನಿಯರ್ ಮಾರಿಸ್ ಫ್ರಿಡ್‌ಮನ್ 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ವಿದ್ಯುತ್ ಸಾಮಗ್ರಿ ಕಾರ್ಖಾನೆ ನಡೆಸಲು ಇಲ್ಲಿಗೆ ಬಂದರು, ಗಾಂಧಿಯತ್ತಲೂ ರಮಣರತ್ತಲೂ ಸೆಳೆಯಲ್ಪಟ್ಟು ಭಾರತದಲ್ಲೇ ಉಳಿದರು. ಮುಂಬೈಯ ನಿಸರ್ಗದತ್ತ ಮಹಾರಾಜರ ಮರಾಠಿ ಸಂವಾದಗಳನ್ನು ಅವರು ಇಂಗ್ಲಿಷಿಗೆ ತಂದ ‘ಐ ಆಮ್ ದಟ್’ 1973ರಲ್ಲಿ ಹೊರಬಂತು. ಮರಾಠಿಯಲ್ಲಿ ‘ತೂ’, ‘ತುಮ್ಹಿ’, ‘ಆಪಣ್’ ಎಂಬ ಮೂರು ಮೆಟ್ಟಿಲು. ಇಂಗ್ಲಿಷ್ ಪುಸ್ತಕದಲ್ಲಿ ಎಲ್ಲವೂ ಒಂದೇ ‘ಯೂ’. ಅವರ ಜೊತೆಗಾತಿ ವಾಂದಾ ದಿನೋವ್‌ಸ್ಕಾ, ಇಲ್ಲಿಯವರ ಪಾಲಿನ ಉಮಾದೇವಿ. ಇಬ್ಬರೂ ಸೇರಿ 1944ರಲ್ಲಿ ಮದ್ರಾಸಿನಲ್ಲಿ ಪೋಲಿಷ್–ಭಾರತೀಯ ಗ್ರಂಥಮಾಲೆ ಆರಂಭಿಸಿದರು. ದಿನೋವ್‌ಸ್ಕಾ ಭಗವದ್ಗೀತೆಯನ್ನು ಪೋಲಿಷ್‌ಗೆ ತಂದರು. ಗೀತೆಯ ಮೊದಲ ಅಧ್ಯಾಯದಲ್ಲಿ ದುರ್ಯೋಧನ ದ್ರೋಣರನ್ನು ‘ಭವಾನ್’ ಎನ್ನುತ್ತಾನೆ. ಹನ್ನೊಂದನೆಯದರಲ್ಲಿ ವಿಶ್ವರೂಪ ಕಂಡು ನಡುಗಿದ ಅರ್ಜುನ, ಇಷ್ಟು ದಿನ ಸಲಿಗೆಯಿಂದ ಹೆಸರು ಹಿಡಿದು ಕರೆದದ್ದಕ್ಕೆ ಕ್ಷಮೆ ಕೇಳುತ್ತಾನೆ. ಇಂಗ್ಲಿಷ್ ಓದುಗರಿಗೆ ಆ ಕ್ಷಮೆಯ ಕಾರಣ ವಿವರಿಸಬೇಕಾದೀತು. ‘ಪಾನ್’ ಮತ್ತು ‘ತಿ’ಗಳ ನಡುವೆ ಬೆಳೆದ ಪೋಲಿಷರಿಗೆ ಬೇಕಿಲ್ಲ.

ಈಗ ಬೆಂಗಳೂರಿನಿಂದ ಪೋಲೆಂಡಿಗೆ ಹೋಗುವವರು ಬೇರೆ ಬಗೆಯವರು. ಇನ್ಫೋಸಿಸ್‌ನ ಬಿಪಿಒ ಘಟಕ 2007ರಲ್ಲಿ ಫಿಲಿಪ್ಸ್‌ನ ಸೇವಾ ಕೇಂದ್ರಗಳನ್ನು ಕೊಂಡಾಗ ಅವುಗಳಲ್ಲಿ ಒಂದು ಪೋಲೆಂಡಿನ ವೂಚ್ ನಗರದಲ್ಲಿತ್ತು. ಇಂಥ ಕಚೇರಿಗಳ ಒಳಗೆ ಇಂಗ್ಲಿಷ್, ಎಲ್ಲರಿಗೂ ಮೊದಲ ಹೆಸರು. ಅಂತಾರಾಷ್ಟ್ರೀಯ ಕಂಪನಿಗಳಲ್ಲಿ, ಕಾಫಿ ಅಂಗಡಿಗಳಲ್ಲಿ, ಹೊಸ ಹುಡುಗರ ನಡುವೆ ‘ತಿ’ ಬೇಗ ಬರುತ್ತಿದೆ, ಹಿರಿಯರು ಹುಬ್ಬೇರಿಸುತ್ತಾರೆ. ಆದರೆ ಅದೇ ಕಚೇರಿಯಿಂದ ಗ್ರಾಹಕರಿಗೆ ಪೋಲಿಷ್‌ನಲ್ಲಿ ಪತ್ರ ಹೋಗುವಾಗ ‘ಡಿಯರ್’ ಎಂಬ ಒಂದು ಪದ ಮತ್ತೆ ಗಂಡು ಹೆಣ್ಣು ಕೇಳುತ್ತದೆ. ಯಾರು ಓದುತ್ತಾರೋ ಗೊತ್ತಿಲ್ಲದಿದ್ದರೆ ‘ಶಾನೋವ್ನಿ ಪಾನ್‌ಸ್ತ್ವೊ’, ಮಾನ್ಯ ಮಹನೀಯರೇ ಮಹಿಳೆಯರೇ. ಓದುವವನು ಒಬ್ಬನೇ ಆದರೂ ಪರವಾಗಿಲ್ಲ. ಪತ್ರದ ಒಳಗೆ ‘ನೀನು’, ‘ನಿನಗೆ’, ‘ಪಾನ್’, ‘ಪಾನಿ’ ಎಲ್ಲಿ ಬಂದರೂ ಮೊದಲ ಅಕ್ಷರ ದೊಡ್ಡದು. ಇಂಗ್ಲಿಷರು ‘ನಾನು’ ಎಂಬುದನ್ನು ದೊಡ್ಡಕ್ಷರದಲ್ಲಿ ಬರೆಯುತ್ತಾರೆ ಎಂಬುದನ್ನು ಪಕ್ಕಕ್ಕಿಟ್ಟು ನೋಡಿ.

ಕಂಪ್ಯೂಟರ್ ತೆರೆಗೆ ಈ ಯಾವ ಸೌಕರ್ಯವೂ ಇಲ್ಲ. ಎದುರು ಕೂತವರು ಪಾನ್ ಹೌದೋ ಪಾನಿ ಹೌದೋ ಅದಕ್ಕೆ ಕಾಣದು. ‘ಪಾಸ್‌ವರ್ಡ್ ಮರೆತಿರಾ?’ ಎಂದು ಪೋಲಿಷ್‌ನಲ್ಲಿ ಕೇಳಲು ಹೋದರೆ ಭೂತಕಾಲ ಬಂತು, ಅದರ ಜೊತೆ ಲಿಂಗ ಬಂತು. ಮೊದಮೊದಲು ಕೆಲವರು ಬಳಸುವವರೆಲ್ಲ ಗಂಡಸರು ಎಂದೇ ಬರೆದು ಬಿಟ್ಟದ್ದುಂಟು. ಈಗ ರೂಢಿಯಾಗಿರುವುದು ‘ನ್ಯೆ ಪಾಮ್ಯೆಂತಾಶ್ ಹಾಸ್ವಾ?’, ಪಾಸ್‌ವರ್ಡ್ ನೆನಪಿಲ್ಲವೇ? ವರ್ತಮಾನಕಾಲಕ್ಕೆ ಸರಿದರೆ ಗಂಡು ಹೆಣ್ಣಿನ ಪ್ರಶ್ನೆ ಏಳುವುದಿಲ್ಲ. ಇಲ್ಲಿ ‘ತಿ’ ಇದೆ, ಆದರೆ ಯಂತ್ರದ ಏಕವಚನಕ್ಕೆ ಯಾರೂ ಸಿಟ್ಟಾಗುವುದಿಲ್ಲ. ‘ಯೂ ಹ್ಯಾವ್ ಬೀನ್ ಲಾಗ್ಡ್ ಔಟ್’ ಎನ್ನಲು ‘ವಿಲೊಗೊವಾನೊ’ ಎಂಬ ಒಂಟಿ ಪದ ಸಾಕು. ನಮ್ಮ ‘ಲಾಗ್ ಔಟ್ ಮಾಡಲಾಗಿದೆ’ಯ ಸೋದರ. ‘ನೊ’ ಎಂದು ಮುಗಿಯುವ ಈ ರೂಪಕ್ಕೆ ಹಳೆಯ ವ್ಯಾಕರಣದ ಒಂದು ಷರತ್ತಿದೆ: ಕರ್ತೃ ಯಾರೆಂದು ಹೇಳಬೇಕಿಲ್ಲ, ಆದರೆ ಆ ಕರ್ತೃ ಮನುಷ್ಯನೇ ಆಗಿರಬೇಕು. ಆ ಲೆಕ್ಕದಲ್ಲಿ ರಾತ್ರಿ ಹನ್ನೆರಡಕ್ಕೆ ಬ್ಯಾಂಕಿನ ವೆಬ್‌ಸೈಟು ತಾನಾಗಿಯೇ ಮುಚ್ಚಿಕೊಂಡಾಗಲೂ ಪೋಲಿಷ್ ವ್ಯಾಕರಣದ ಪ್ರಕಾರ ಯಾರೋ ಒಬ್ಬ ಪಾನ್ ಇಲ್ಲವೇ ಪಾನಿ ಒಳಗೆ ಕೂತು ಆ ಕೆಲಸ ಮಾಡಿರಬೇಕು.